ಮೂರು ಅಂಚಿನ ಜಮಖಾನೆ

ಜಮಖಾನೆಗೆ ನಾಲ್ಕು ಅಂಚುಗಳಿರುತ್ತವೆ ಎಂಬುದನ್ನು ಯಾರೂ ಗಮನಿಸುವುದಿಲ್ಲ. ಅದರ ಮೇಲೆ ಕೂತವರ ಗಮನವೆಲ್ಲ ಸಾಮಾನ್ಯವಾಗಿ ಎದುರಿಗಿರುವ ಭಾಷಣಕಾರರ ಮೇಲೋ ಜೋಮು ಹಿಡಿದ ತಮ್ಮದೇ ಕಾಲಿನ ಮೇಲೋ ಇರುತ್ತದೆ. ಸಾಗರದ ನಮ್ಮ ಮನೆಯ ಅಟ್ಟದಲ್ಲಿದ್ದ ಜಮಖಾನೆಗೆ ಮೂರೇ ಅಂಚಿದ್ದುದರಿಂದ ನಾನು ಈ ವಿಷಯದಲ್ಲಿ ತುಸು ಸೂಕ್ಷ್ಮಮತಿ. ನಾಲ್ಕನೆಯ ಕಡೆ ಕತ್ತರಿಯ ಗುರುತು. ಅಲ್ಲಿಂದ ವರ್ಷಕ್ಕಿಷ್ಟು ಎಳೆ ಬಿಚ್ಚಿಕೊಳ್ಳುತ್ತ ಅದು ಸಣ್ಣದಾಗುತ್ತಿತ್ತು. ಉಳಿದರ್ಧ ತೀರ್ಥಹಳ್ಳಿಯಲ್ಲಿ ಮಂಜಪ್ಪನ ಮನೆಯಲ್ಲಿತ್ತು. ಅದಕ್ಕೂ ಮೂರೇ ಅಂಚು.

ಇದರ ಹಿನ್ನೆಲೆ ಹೇಳಬೇಕು. ವಿಶ್ವವಿದ್ಯಾಲಯದಿಂದ ರಾಜ್ಯಶಾಸ್ತ್ರದ ಪದವಿಯನ್ನೂ ಕಂಡದ್ದನ್ನೆಲ್ಲ ಶಂಕಿಸುವ ಚಟವನ್ನೂ ಹೊತ್ತು ಊರಿಗೆ ಮರಳಿದ ಹೊಸತರಲ್ಲಿ, ನಾನೂ ಮಂಜಪ್ಪನೂ ಇನ್ನೂ ಹತ್ತಾರು ಜನರೂ ಸೇರಿ ಒಂದು ಸಮಾಜವಾದಿ ಬಳಗ ಕಟ್ಟಿದ್ದೆವು. ಟೈಲರ್ ಇಬ್ರಾಹಿಂ ಸಾಬರ ಅಂಗಡಿಯ ಹಿಂದಿನ ಕೋಣೆ ನಮ್ಮ ಸಭಾಂಗಣ. ಕುರ್ಚಿಯಲ್ಲಿ ಕೂತರೆ ಮೇಲು ಕೀಳು ಹುಟ್ಟುತ್ತದೆಂದು ಎಲ್ಲರೂ ನೆಲಕ್ಕೆ, ಆ ಜಮಖಾನೆಯ ಮೇಲೆ. ಬಳಗ ಒಡೆದದ್ದು ರೈತರ ದೊಡ್ಡ ಸಂಘಟನೆಯೊಂದಿಗೆ ಕೂಡಿಕೊಳ್ಳಬೇಕೋ, ನಮ್ಮ ಬಾವುಟವನ್ನು ಬೇರೆಯೇ ಹಿಡಿಯಬೇಕೋ ಎಂಬ ಪ್ರಶ್ನೆಯಲ್ಲಿ. ನಾನು ಯಾವ ಪಕ್ಷ ವಹಿಸಿದ್ದೆ? ಕೂಡಿಕೊಳ್ಳಬೇಕೆಂದು ಗಂಟಲು ಹರಿಯುವಂತೆ ಕೂಗಿದ್ದು ನಾನು ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಮಂಜಪ್ಪನೂ ತನ್ನ ಬಗ್ಗೆ ಅದನ್ನೇ ಹೇಳಿಕೊಳ್ಳುತ್ತಾನೆಂದು ಕೇಳಿದ ಮೇಲೆ ನನ್ನ ನೆನಪಿನ ಮೇಲಿನ ವಿಶ್ವಾಸ ಕುಸಿದಿದೆ. ಇಬ್ಬರೂ ಕೂಡಿಕೊಳ್ಳಲು ಹಟ ಹಿಡಿದಿದ್ದರೆ ಒಡೆದವರು ಯಾರು? ಬಳಗದೊಂದಿಗೆ ಜಮಖಾನೆಯೂ ಎರಡಾದ ದಿನ ಅದಕ್ಕೆ ಕತ್ತರಿ ಆಡಿಸಿದ್ದು ಅವನೆಂಬುದರಲ್ಲಿ ಮಾತ್ರ ನನಗೆ ಸಂಶಯವಿರಲಿಲ್ಲ.

ಈ ಹಳೆಯ ಕಥೆ ಅಟ್ಟದಲ್ಲೇ ಇರುತ್ತಿತ್ತು, ಗಿರಿಜಮ್ಮ ಬಾರದಿದ್ದರೆ. ಹೊಸನಗರದ ಕಡೆಯ ಇಪ್ಪತ್ತು ಮನೆಗಳ ಒಂದು ಕೇರಿಯವಳು ಆಕೆ. ಅವಳ ಅತ್ತೆ ಮಾವ ಅಣೆಕಟ್ಟಿನ ನೀರಿಗೆ ಊರು ಬಿಟ್ಟುಕೊಟ್ಟು ಅಲ್ಲಿ ಗುಡಿಸಲು ಹಾಕಿದವರು. ಆ ನೆಲಕ್ಕೆ ಇಂದಿಗೂ ಹಕ್ಕುಪತ್ರವಿಲ್ಲ. ಈಗ ತೆರವಿನ ನೋಟಿಸು ಬಂದಿತ್ತು, ಆಕ್ಷೇಪಣೆಗೆ ಹದಿನೈದು ದಿನ. ತಿಳಿದವರೆಂದು ಆಕೆ ನನ್ನಲ್ಲಿಗೂ ಬಂದಳು, ಮಂಜಪ್ಪನಲ್ಲಿಗೂ ಹೋದಳು.

ಹೀಗಾಗಿ ನಾವಿಬ್ಬರೂ ತೀರ್ಥಹಳ್ಳಿಯ ಹೋಟೆಲೊಂದರಲ್ಲಿ ಸಂಯುಕ್ತ ಸಮಿತಿ ರಚಿಸಲು ಸೇರಿದೆವು. ಮೂರು ತಾಸು ಮಾತಾಡಿದೆವು. ಮೊದಲ ತಾಸು ಸಮಿತಿಗೆ ಹೆಸರೇನಿಡುವುದೆಂದು. ಎರಡನೆಯದು ಆ ಹಳೆಯ ಒಡಕಿನ ಪುನರ್ವಿಮರ್ಶೆಯಿಲ್ಲದೆ ಐಕ್ಯ ಸಾಧ್ಯವೇ ಎಂದು. ಮೂರನೆಯದು ಪುನರ್ವಿಮರ್ಶೆಯ ಕರಡು ಯಾರು ಬರೆಯಬೇಕೆಂದು. 'ನಿಂದು ಪುಸ್ತಕದ ಸಮಾಜವಾದ ಮಾರಾಯ' ಎಂದ ಅವನು. ನಿನ್ನದು ವೇದಿಕೆಯ ಸಮಾಜವಾದ ಎಂದೆ ನಾನು. ನೋಟಿಸಿನ ಮಾತು ಬಂದದ್ದು ಕೈ ತೊಳೆಯುವಾಗ. ಉಳ್ಳವರನ್ನು ವಿರೋಧಿಸಲು ಬಸ್ಸು ಹತ್ತಿ ಹೋಗಬೇಕು, ಸಂಗಾತಿಯನ್ನು ವಿರೋಧಿಸಲು ಪಕ್ಕಕ್ಕೆ ತಿರುಗಿದರೆ ಸಾಕು. ನಮ್ಮಂಥವರ ಸಿಟ್ಟೆಲ್ಲ ಸೋಮಾರಿಯಾದುದರಿಂದ ಹತ್ತಿರದ ದಾರಿ ಹಿಡಿಯುತ್ತದೆ.

ಕೊನೆಗೆ ಅವನೊಂದು ಮನವಿ ಬರೆದ, ನಾನೊಂದು ಬರೆದೆ. ಎರಡಕ್ಕೂ ಅದೇ ಇಪ್ಪತ್ತು ಮನೆಯವರ ಸಹಿ, ಹೆಬ್ಬೆಟ್ಟು. ನನ್ನದರಲ್ಲಿ, ಇದ್ದ ಜಾಗದಲ್ಲೇ ಹಕ್ಕುಪತ್ರ ಕೊಡಿ ಎಂದಿತ್ತು. ಅವನದರಲ್ಲಿ, ಮುಳುಗಿದ ಭೂಮಿಗೆ ಬದಲಿ ಭೂಮಿಯನ್ನು ಬೇರೆಡೆ ಕೊಡಿ ಎಂದಿತ್ತು. ಎರಡಕ್ಕೂ ಸಿದ್ಧಾಂತದ ಆಧಾರವಿತ್ತು. ಇರುವುದೋ ಹೋಗುವುದೋ ಎಂದು ಆ ಇಪ್ಪತ್ತು ಮನೆಗಳಲ್ಲಿ ಒಂದನ್ನಾದರೂ ಕೇಳಿದ ನೆನಪು ಮಾತ್ರ ನಮ್ಮಿಬ್ಬರಿಗೂ ಇರಲಿಲ್ಲ. ಈ ಒಂದು ವಿಷಯದಲ್ಲಿ ನನ್ನ ನೆನಪು ಮೋಸ ಮಾಡಿಲ್ಲ. ಹೊಸನಗರದ ತಾಲೂಕು ಕಚೇರಿಯ ಅಧಿಕಾರಿ ಎರಡೂ ಕಾಗದಗಳನ್ನು ಪಕ್ಕಪಕ್ಕಕ್ಕಿಟ್ಟು ಓದಿ, ಯಾವುದು ನಿಮ್ಮದೆಂದು ತೀರ್ಮಾನಿಸಿಕೊಂಡು ಬನ್ನಿ ಎಂದು ಎರಡನ್ನೂ ಹಿಂತಿರುಗಿಸಿದರು. ಅವರ ಮೇಲೆ ಸಿಡಿಯಬೇಕೆಂದು ಎಷ್ಟು ಹುಡುಕಿದರೂ ನನಗೆ ಕಾರಣ ಸಿಗಲಿಲ್ಲ.

ಗಡುವಿಗೆ ಎರಡೇ ದಿನವಿದ್ದಾಗ ಗಿರಿಜಮ್ಮ ಬೆಳಗಿನ ಬಸ್ಸಿಗೆ ಸಾಗರಕ್ಕೆ ಬಂದಳು. ಕೂರಿ ಎಂದರೆ ಕೂರಲಿಲ್ಲ.

'ಇಪ್ಪತ್ ಮನೆ ಕಿತ್ಕೊಂಡ್ ಹೋಗ್ತಾವೆ ಸಾರ್. ನಿಮ್ದು ಯಾರ್ ಸರಿ ಅನ್ನೋದು ಇನ್ನೂ ಮುಗೀಲಿಲ್ಲ. ನಮ್ ಕೇರೀಲಿ ನಿನ್ನೆ ಎಲ್ರೂ ಕೂತ್ವಿ, ಒಂದ್ ತಾಸು ಜಗಳ ಆಡಿದ್ವಿ. ಅಲ್ಲೇ ಇರೋದು ಅಂತ ಆಯ್ತು. ಬೇರೆ ಕಡೆ ಹೋಗ್ತೀನಿ ಅಂದೋರೂ ಸಹಿ ಹಾಕಿದ್ರು. ಒಂದೇ ಹಾಳೆ.'

ನನ್ನ ಮನವಿಯೇ ಗೆದ್ದಿತೆಂದು ಒಳಗೊಳಗೇ ಹಿಗ್ಗಿದೆ. ಅದು ಮುಖದಲ್ಲಿ ಕಂಡಿರಬೇಕು.

'ನಿಮ್ ಕಾಗ್ದ ಬ್ಯಾಡ. ನಮ್ ಹಾಳೆ ತಗಳೋವರೆಗೂ ಕಚೇರಿ ಮುಂದೆ ಕೂರ್ತೀವಿ. ಮುದುಕ್ರು ಇದಾರೆ, ನೆಲ ತಂಡಿ. ಜಮಖಾನೆ ಐತಂತಲ್ಲ, ಅದ್ನ ಕೊಡಿ.'

ಅಟ್ಟದಿಂದ ಇಳಿಸಿ, ಬಸ್ ನಿಲ್ದಾಣದವರೆಗೆ ಹೊತ್ತುಕೊಂಡೇ ಹೋದೆ. ದಾರಿಯಲ್ಲಿ ಇಬ್ರಾಹಿಂ ಸಾಬರು ಹೊಲಿಗೆ ಯಂತ್ರದಿಂದ ತಲೆಯೆತ್ತಿ, ಕನ್ನಡಕ ಮೇಲೇರಿಸಿ, ಗುರುತು ಹಿಡಿದರು.

'ನಾನ್ ಕತ್ತರಿಸಿದ್ದಲ್ವಾ ಇದು?'

ಮಂಜಪ್ಪನಲ್ಲವೇ ಎಂದೆ.

'ಅವ್ರಿಗೆಲ್ಲಿ ಬರ್ತದೆ? ದಪ್ಪ ಬಟ್ಟೆ. ಬೇಡ ಬೇಡ ಅಂದೆ, ಕೇಳ್ಲಿಲ್ಲ. ಆ ತುದಿ ಅವ್ರು ಹಿಡಿದ್ರು, ಈ ತುದಿ ನೀವು. ನೆಟ್ಟಗೆ ಹೋಗ್ಲಿ ಸಾಬ್ರೇ ಅಂತ ಇಬ್ರೂ ಎಷ್ಟ್ ಚೆನ್ನಾಗಿ ಎಳೆದು ಹಿಡ್ಕೊಂಡಿದ್ರಿ!'

ಹಾಗಾದರೆ ನಮ್ಮ ಬಳಗದ ಚರಿತ್ರೆಯಲ್ಲೇ ಐಕ್ಯ ಪರಿಪೂರ್ಣವಾಗಿದ್ದ ಗಳಿಗೆ ಅದೊಂದೇ. ಯಾರ ಮೇಲೆಂದು ಗೊತ್ತಾಗದ ಸಿಟ್ಟಿನಲ್ಲಿ ಮುಂದಿನ ದಾರಿ ನಡೆದೆ. ನಿಲ್ದಾಣ ತಲುಪುವಷ್ಟರಲ್ಲಿ ಅದು ಯಾರ ಮೇಲೆಂದು ಗೊತ್ತಾಗಿತ್ತು. ಭಿನ್ನಾಭಿಪ್ರಾಯ ನಮ್ಮ ರೋಗವಾಗಿರಲಿಲ್ಲ. ಆ ಕೇರಿಯವರೂ ಜಗಳವಾಡಿದರಲ್ಲ! ಆದರೆ ಅವರು ಆಡಿದ್ದು ಮನೆ ಉಳಿಯಬೇಕೆಂದು. ನಾವು ಆಡಿದ್ದು, ಮನೆ ಹೋದರೂ ಮಾತು ಉಳಿಯಲೆಂದು.

ಮರುದಿನ ಹೊಸನಗರದ ಕಚೇರಿಯ ಎದುರು, ಮಂಜಪ್ಪನದನ್ನೂ ಕೇಳಿ ತಂದು, ಎರಡು ತುಂಡುಗಳನ್ನೂ ಕತ್ತರಿಸಿದ ಕಡೆ ಸೇರುವಂತೆ ಹಾಸಿದ್ದರು. ನನ್ನದು ಅಟ್ಟದಲ್ಲಿದ್ದೂ ಇದ್ದೂ ನುಸಿ ತಿಂದಿತ್ತು, ಅವನದು ಬಳಸಿ ಬಳಸಿ ಬಣ್ಣ ಕಳೆದಿತ್ತು. ಎಳೆ ಉದುರಿದ್ದರಿಂದ ಪಟ್ಟೆಗೆ ಪಟ್ಟೆ ಕೂಡಲಿಲ್ಲ. ನಡುವಿನ ಬಿರುಕಿನ ಮೇಲೆ ಗಿರಿಜಮ್ಮ ಕೂತಿದ್ದಳು. ಗೇಟಿನ ಆಚೆ ನಾನು ನಿಂತಿದ್ದೆ. ಹತ್ತು ಮಾರು ದೂರದಲ್ಲಿ ಮಂಜಪ್ಪ. ನಮ್ಮಿಬ್ಬರನ್ನೂ ಯಾರೂ ಕರೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದು ಹಾಳೆ ಒಳಗೆ ಹೋಯಿತು, ಸ್ವೀಕೃತಿಯ ಮುದ್ರೆ ಹೊರಗೆ ಬಂತು. ಹಕ್ಕುಪತ್ರ ಬಂದಿಲ್ಲ, ವಿಚಾರಣೆಯಾಗುವವರೆಗೆ ಮನೆ ಮುಟ್ಟುವುದಿಲ್ಲ ಎಂದಷ್ಟೇ ಹೇಳಿದ್ದಾರೆ.

ಈಗ ಅಟ್ಟದಲ್ಲಿ ಆ ಜಾಗ ಖಾಲಿ. ಹೊಸತರಲ್ಲಿ ಪಟ್ಟೆಗಳು ನೀಲಿಯಿದ್ದವೆಂದು ನನ್ನ ನೆನಪು, ಹಸಿರೆಂದು ಮಂಜಪ್ಪನದು. ಫೋನಿನಲ್ಲಿ ವಾದಕ್ಕೆ ಶುರುಮಾಡಿ, ಯಾಕೋ ಇಬ್ಬರೂ ಅರ್ಧಕ್ಕೇ ನಿಲ್ಲಿಸಿದೆವು. ವಿಚಾರಣೆಯ ದಿನ ನಾವೂ ಬರಬಹುದೇ ಎಂದು ಗಿರಿಜಮ್ಮನನ್ನು ಕೇಳಿದ್ದೇನೆ.

'ಬನ್ನಿ, ಅಂಚಲ್ಲಿ ಜಾಗ ಐತೆ' ಎಂದಳು. 'ಮೈಕ್ ಮಾತ್ರ ತರ್ಬೇಡಿ.'