ಹಿಮದ ಮೇಲೆ ಉಡ

ನನ್ನ ಗೆಳತಿಯನ್ನು ಬೀದಿಯವರೆಲ್ಲ ಹಲ್ಲಿನಕ್ಕ ಎನ್ನುತ್ತಿದ್ದರು. ಉಡ ಎನ್ನುತ್ತಿದ್ದವಳು ನಾನೊಬ್ಬಳೇ. ಈಗ ಆ ಹೆಸರಿಗೆ ಓಗೊಡುವವರಿಲ್ಲ.

ದಂತವೈದ್ಯರೊಬ್ಬರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಹಲ್ಲಿನ ಸೆಟ್ ಮಾಡುವುದು ಅವಳ ಕೆಲಸ. ಕಿಟಕಿಯ ಕೆಳಗೊಂದು ಮೇಜು, ಮೇಣ ಕರಗಿಸುವ ಪುಟ್ಟ ಬರ್ನರ್, ಬಾಯಿ ತೆರೆದು ಸಾಲಾಗಿ ಕೂತ ಪ್ಲಾಸ್ಟರಿನ ದವಡೆಗಳು. ಸಂಜೆಯ ಹೊತ್ತಿಗೆ ಅವಳ ಹುಬ್ಬಿನ ಮೇಲೆಲ್ಲ ಬಿಳಿ ಪುಡಿ. ಸೆಟ್ ಸಡಿಲವಾಗಿದೆ ಎಂದು ಬಂದವರನ್ನು ರೂಢಿಯಾಗುತ್ತದೆ ಹೋಗಿ ಎಂದು ಸಾಗಹಾಕುತ್ತಿರಲಿಲ್ಲ. ಬಿಸ್ಕತ್ತು ಕೊಟ್ಟು ಎದುರಿಗೇ ಅಗಿಯಲು ಹೇಳಿ, ಕಿವಿಗೊಟ್ಟು ಕೇಳಿ, ಮತ್ತೆ ಅರ ಹಿಡಿದು ಕೂರುತ್ತಿದ್ದಳು. ಅತ್ತೆ ಹಾಸಿಗೆ ಹಿಡಿದಾಗಲೂ ಹಾಗೆಯೇ. ಹಿಡಿದ ಕೆಲಸ ಮುಗಿಯುವ ತನಕ ಅವಳ ಹತ್ತಿರ ಬೇರೆ ಮಾತಿಲ್ಲ.

ಉಡ ಎಂಬ ಹೆಸರು ಬಂದದ್ದು ಹಿಮದ ಗುಡ್ಡದ ಮೇಲೆ. ಓದುವ ವಯಸ್ಸಿನಲ್ಲಿ ನಮ್ಮಿಬ್ಬರನ್ನು ವಿದ್ಯಾರ್ಥಿ ವಿನಿಮಯದಲ್ಲಿ ಒಂದು ವರ್ಷಕ್ಕೆ ಚಳಿದೇಶದ ಶಾಲೆಗೆ ಕಳಿಸಿದ್ದರು. ಚಳಿಗಾಲದಲ್ಲಿ ಒಂದು ವಾರ ಮಕ್ಕಳನ್ನೆಲ್ಲ ಸ್ಕೀ ಕಲಿಸಲು ಬೆಟ್ಟಕ್ಕೆ ಕರೆದೊಯ್ಯುವುದು ಆ ಶಾಲೆಯ ವಾಡಿಕೆ. ಮೇಲೇರಲು ಅಲ್ಲಿ ಓಡುವ ಹಗ್ಗವೊಂದಿತ್ತು. ಅದಕ್ಕೆ ನೇತುಬಿದ್ದ ಕೋಲುಗಳು, ಕೋಲಿನ ತುದಿಗೆ ತಟ್ಟೆ. ತಟ್ಟೆಯನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ನಿಂತರೆ ಹಗ್ಗವೇ ಎಳೆದುಕೊಂಡು ಹೋಗುತ್ತದೆ. ಬಿದ್ದರೆ ಕೂಡಲೇ ಕೋಲು ಬಿಟ್ಟು ಪಕ್ಕಕ್ಕೆ ಹೊರಳಬೇಕೆಂದು ಮಾಸ್ತರು ಹೇಳಿದ್ದರು. ಆದರೆ ನಾವು ಬಸ್ಸಿನ ಬಾಗಿಲಿಗೆ ಜೋತುಬಿದ್ದು ಶಾಲೆಗೆ ಹೋದವರು. ಕಾಲು ಜಾರಿದರೆ ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಬೇಕು ಎಂಬುದು ನಮ್ಮ ಕೈಗಳಿಗೇ ಗೊತ್ತು. ಅವಳು ಬಿದ್ದಳು, ಹಿಡಿದೇ ಇದ್ದಳು. ಹಗ್ಗ ಅವಳನ್ನು ಗೋಣಿಚೀಲದ ಹಾಗೆ ಹೊಟ್ಟೆಯ ಮೇಲೆ ಎಳೆದೊಯ್ದಿತು. ಮಾಸ್ತರು ಅವರ ಭಾಷೆಯಲ್ಲಿ ಕೂಗಿದರು, ನಾನು ನಮ್ಮ ಭಾಷೆಯಲ್ಲಿ ಕೂಗಿದೆ. ಎರಡಕ್ಕೂ ಅವಳು ಕಿವುಡಿ. ಅರ್ಧ ದಾರಿಯಲ್ಲಿ ಯಾರೋ ಯಂತ್ರ ನಿಲ್ಲಿಸಿದರು. ಆ ಉಡದ ಪಟ್ಟು ಕಂಡ ದಿನದಿಂದ ನನಗೆ ಅವಳು ಉಡ.

ಮಣಿಕಟ್ಟು ಉಳುಕಿತ್ತು. ಉಳಿದ ದಿನಗಳನ್ನೆಲ್ಲ ತಂಗುಮನೆಯ ಹೀಟರಿನ ಪಕ್ಕ ಕುಳಿತು, ಎಲ್ಲರ ಒದ್ದೆ ಕೈಗವಸುಗಳನ್ನು ಒಂದೇ ಕೈಯಲ್ಲಿ ಒಣಹಾಕುತ್ತ ಕಳೆದಳು. ನಾನೋ ಹೆದರಿ ಕೆಳಗಿನ ಇಳಿಜಾರು ಬಿಟ್ಟು ಮೇಲೆ ಹೋಗಲೇ ಇಲ್ಲ. ಆ ಗುಡ್ಡದ ತುದಿಯಲ್ಲಿ ಏನಿತ್ತೆಂಬುದು ನಮ್ಮಿಬ್ಬರಿಗೂ ಗೊತ್ತಾಗದೆ ಉಳಿಯಿತು. ಮುಂದೆ ಯಾವುದಾದರೂ ಮಾತು ತುದಿ ಮುಟ್ಟದಿದ್ದಾಗ, ಬಿಡು, ಅರ್ಧ ಗುಡ್ಡ, ಎನ್ನುತ್ತಿದ್ದಳು.

ಕಳೆದ ವರ್ಷ ಅವಳ ಮಗಳು ಪುಟ್ಟಿ ಅದೇ ಶಾಲೆಗೆ ಆಯ್ಕೆಯಾದಳು. ತಾಯಿಯ ಹೊಟ್ಟೆನೋವು ಬರಿಯ ಹೊಟ್ಟೆನೋವಲ್ಲ ಎಂದು ತಿಳಿದದ್ದು ಮಗಳು ಹೋದ ಮೇಲೆ. ಅಮ್ಮನಿಗೆ ಸ್ವಲ್ಪ ಹುಷಾರಿಲ್ಲ ಎಂದಷ್ಟೇ ಅವಳಿಗೆ ಹೇಳಿದ್ದರು. ಚಳಿಗಾಲದಲ್ಲಿ ಡಾಕ್ಟರು ಮಗಳನ್ನು ಕರೆಸಿಕೊಳ್ಳುವುದು ಒಳ್ಳೆಯದು ಎಂದರು. ಹಿಂದಿನ ದಿನವಷ್ಟೇ ಪುಟ್ಟಿ ಬೆಟ್ಟಕ್ಕೆ ಹೊರಟಿದ್ದಳು.

ಅವಳ ಗಂಡನನ್ನು ನಾನು ಭಾವ ಎನ್ನುತ್ತೇನೆ. ಆಸ್ಪತ್ರೆಯ ಮಂಚದ ಪಕ್ಕ ಭಾವ ಫೋನು ಹಿಡಿದೇ ನಿಂತಿದ್ದರು.

"ಹುಡುಗಿ ಈಗಷ್ಟೇ ಮೇಲೆ ಹೋಗಿದಾಳೆ ರೀ. ಹೇಳಿದ್ರೆ ನಿಂತ ಕಾಲಲ್ಲೇ ಓಡಿ ಬರ್ತಾಳೆ. ವಾರ ಮುಗಿಸ್ಲಿ."

"ಆ ವಾರ ನಿನಗೋಸ್ಕರ ಕಾಯುತ್ತಾ?" ಎಂದ ಭಾವ ಮುಖ ತಿರುಗಿಸಿಕೊಂಡರು.

"ಕಾಯಿಸ್ತೀನಿ. ಬೇಕಾದ್ರೆ ಇವಳನ್ನ ಕೇಳಿ, ನನ್ನ ಹೆಸರೇನು ಅಂತ."

ನಾನು ಫ್ಲಾಸ್ಕು ತೊಳೆಯಲು ಎದ್ದೆ. ನನಗೂ ಭಾವನ ಮಾತೇ ಸರಿ ಎನಿಸಿತ್ತು. ತಾಯಿಯನ್ನು ಜೀವಂತ ನೋಡುವುದು ಮಗಳಿಗೆ ತಪ್ಪಿಹೋದರೆ ಯಾವ ಗುಡ್ಡದ ತುದಿ ಅದನ್ನು ತುಂಬಿಕೊಟ್ಟೀತು? ಆದರೆ ಅವಳೊಂದಿಗೆ ವಾದಿಸಿ ಗೆದ್ದವರಿರಲಿಲ್ಲ, ನಮ್ಮಲ್ಲಿ ವಾದಿಸುವಷ್ಟು ತ್ರಾಣವೂ ಉಳಿದಿರಲಿಲ್ಲ. ಭಾವ ಬೆಂಚಿನ ಮೇಲೆ ಕುಳಿತಲ್ಲೇ ತೂಕಡಿಸುತ್ತಿದ್ದರು. ನಾನು ಫ್ಲಾಸ್ಕು ತೊಳೆಯುತ್ತಿದ್ದೆ, ತುಂಬಿಸುತ್ತಿದ್ದೆ, ಯಾರೂ ಕುಡಿಯದ ಕಾಫಿಯನ್ನು ಚೆಲ್ಲಿ ಮತ್ತೆ ತೊಳೆಯುತ್ತಿದ್ದೆ. ಅವಳ ಉಸಿರು ಕೊಂಚ ತಡವಾದರೆ ಇಬ್ಬರೂ ಎದ್ದು ನಿಲ್ಲುತ್ತಿದ್ದೆವು. ಅವಳು ಕಣ್ಣು ತೆರೆದು ಕೇಳುತ್ತಿದ್ದದ್ದು ಒಂದೇ: ಪುಟ್ಟಿ ಫೋನು ಮಾಡಿದಳಾ?

ವಾರದ ನಡುವೆ ಒಂದು ಮಧ್ಯಾಹ್ನ ಮಾಡಿದಳು. ಭಾವ ಫೋನನ್ನು ದಿಂಬಿನ ಮೇಲಿಟ್ಟರು.

"ಅಮ್ಮಾ, ನಗಬಾರದು. ನಾನೂ ಬಿದ್ದೆ."

"ಕೋಲು ಬಿಟ್ಟೆ ತಾನೇ?"

"ನೀನು ನೂರು ಸಲ ಹೇಳಿದ್ದೆ, ನೆನಪೂ ಇತ್ತು. ಕೈ ಕೇಳಲಿಲ್ಲ. ಯಂತ್ರದವನು ಯಾರ ಜೊತೆಗೋ ಹರಟೆ ಹೊಡೀತಾ ಇದ್ದ, ನಿಲ್ಲಿಸ್ಲೇ ಇಲ್ಲ. ತುದಿ ತನಕ ಹೊಟ್ಟೆ ಮೇಲೇ ಹೋದೆ."

ಅವಳು ನಕ್ಕಳು. ನಗು ಕೆಮ್ಮಾಯಿತು. ನಾನು ಬೆನ್ನಿಗೆ ಕೈಕೊಟ್ಟು ಎತ್ತಿ ಹಿಡಿದೆ. ಬೆನ್ನಿನಲ್ಲಿ ಮೂಳೆ ಬಿಟ್ಟರೆ ಏನೂ ಇರಲಿಲ್ಲ.

"ಮೇಲೆ ಏನಿದೆ?" ಎಂದು ಕೇಳಿದಳು.

"ಏನೂ ಇಲ್ಲಮ್ಮ. ಬರೀ ಮಂಜು. ಒಂದು ಟೀ ಅಂಗಡಿ ಇತ್ತು, ಅದೂ ಬಾಗಿಲು ಹಾಕಿತ್ತು."

"ಅಷ್ಟೇನಾ?"

"ಅಷ್ಟೇ."

ಅವಳು ನನ್ನ ಕಡೆ ನೋಡಿದಳು. ಇಷ್ಟು ವರ್ಷ ಇದಕ್ಕಾ ಎಂಬಂತಿತ್ತು ಆ ನೋಟ. ಆಮೇಲೆ ಫೋನಿನ ಕಡೆ ತಿರುಗಿದಳು.

"ನೋಡಿಯಾಯ್ತಲ್ಲ. ಇನ್ನು ಹೊರಟು ಬಾ ಮಗಳೇ."

ಯಾಕಮ್ಮ ಎಂದು ಪುಟ್ಟಿ ಕೇಳಿದಳು. ಭಾವ ಫೋನು ಎತ್ತಿಕೊಂಡು ವರಾಂಡಕ್ಕೆ ಹೋದರು.

ಪುಟ್ಟಿ ಗಲ್ಲದ ಮೇಲೆ ತರಚು ಗಾಯ ಹೊತ್ತು ಬಂದಳು. ನಮ್ಮ ಸೆಕೆಯಲ್ಲೂ ಬೆಟ್ಟದಲ್ಲಿ ತೊಟ್ಟಿದ್ದ ದಪ್ಪ ಜಾಕೆಟ್ಟನ್ನು ತೆಗೆದಿರಲಿಲ್ಲ. ಅವಳು ಬರುವ ತನಕ ತಾಯಿ, ಹೇಳಿದ ಹಾಗೆಯೇ, ಸಾವನ್ನು ಕಾಯಿಸಿದ್ದಳು. ಮಾತು ನಿಂತುಹೋಗಿತ್ತು. ಗಲ್ಲದ ಗಾಯವನ್ನು ಬೆರಳಿನಿಂದ ಮುಟ್ಟಿ ನೋಡಿದಳು, ಆಮೇಲೆ ಜಾಕೆಟ್ಟಿನ ತೋಳನ್ನು ಹಿಡಿದುಕೊಂಡು ಕಣ್ಣು ಮುಚ್ಚಿದಳು. ಸಂಜೆಗೆ ಎಲ್ಲ ಮುಗಿದಿತ್ತು.

ನರ್ಸ್ ಬಂದು ಆ ಬೆರಳುಗಳನ್ನು ಬಿಡಿಸಲು ಬಗ್ಗಿದರು. ಬರಲಿಲ್ಲ.

"ಇರ್ಲಿ ಸಿಸ್ಟರ್, ಎಳೀಬೇಡಿ," ಎಂದಳು ಪುಟ್ಟಿ. ಝಿಪ್ ಇಳಿಸಿ, ಒಂದೊಂದೇ ತೋಳಿನಿಂದ ತನ್ನ ಕೈಗಳನ್ನು ಹೊರಗೆ ತೆಗೆದು, ಜಾಕೆಟ್ಟನ್ನು ತಾಯಿಯ ಕೈಯಲ್ಲೇ ಬಿಟ್ಟು ನನ್ನ ಪಕ್ಕ ಬಂದು ಕುಳಿತಳು.