ಟ್ಯಾಂಕಿನೊಳಗಿನ ನಾಲ್ಕನೇ ಬಡಿತ

ತಗಡಿನಜ್ಜ ದೊಡ್ಡದು ಮಾಡಿಕೊಟ್ಟ ಪೆಟ್ರೋಲ್ ಟ್ಯಾಂಕನ್ನು ಒಮ್ಮೆ ತುಂಬಿಸಿದರೆ ಚಂದ್ರಲೋಕಕ್ಕೆ ಹೋಗಿ ಊಟದ ಹೊತ್ತಿಗೆ ವಾಪಸಾಗಬಹುದೆಂದು ಗ್ಯಾರೇಜಿನವರು ಹೇಳುತ್ತಿದ್ದರು. ಹಳೇ ಕಾರಿನ ಟ್ಯಾಂಕಿಗೆ ಬೆಸುಗೆ ಹಾಕುವ ಮುನ್ನ ಅಜ್ಜ ಅದನ್ನು ಬಿಸಿನೀರಿನಲ್ಲಿ ಮೂರು ಸಲ ತೊಳೆದು, ಬೆರಳ ಗೆಣ್ಣಿನಿಂದ ಮೂರು ಸಲ ಬಡಿದು ಸದ್ದು ಕೇಳುತ್ತಿದ್ದ. ಹಿಂದೊಮ್ಮೆ ತೊಳೆಯದ ಟ್ಯಾಂಕಿಗೆ ಬೆಸುಗೆಯ ಬೆಂಕಿ ತಾಗಿಸಿ, ಅದು ಸಿಡಿದು ಅವನ ತಮ್ಮ ಇದೇ ಮೇಜಿನ ಮುಂದೆ ಸತ್ತಿದ್ದ.

ಆ ಮಧ್ಯಾಹ್ನ ಕಾರಿನೊಡತಿ ಅವಸರ ಮಾಡಿದಳೆಂದು ಒಂದೇ ಸಲ ತೊಳೆದ. ಮೂರು ಸಲ ಬಡಿದ. ನಾಲ್ಕನೆಯದು ಒಳಗಿನಿಂದ ಕೇಳಿಸಿತು.

ಬೆಸುಗೆಯ ಉರಿ ಹಚ್ಚಲು ಗೀರಬೇಕೆಂದಿದ್ದ ಬೆಂಕಿಕಡ್ಡಿ ಕೈಜಾರಿತು. ಬಗ್ಗಿ ಮೂಸಿದರೆ ಪೆಟ್ರೋಲಿನ ವಾಸನೆ ಮೂಗಿಗೆ ರಪ್ಪನೆ ಬಡಿಯಿತು.

“ಏನಜ್ಜ, ಯಾಕೆ ನಿಲ್ಲಿಸಿದ್ರಿ?” ಎಂದಳು ಅವಳು.

“ಇನ್ನೆರಡು ಸಲ ತೊಳೀಬೇಕಮ್ಮ. ನನ್ನ ತಮ್ಮ ಬದುಕಿದ್ದಾಗ ಒಂದು ಕೆಲಸಾನೂ ನೆಟ್ಟಗೆ ಮಾಡ್ಲಿಲ್ಲ. ಈಗ ನೋಡಿ, ನನಗೇ ಬುದ್ಧಿ ಹೇಳ್ತಾನೆ!”