ಕರಿಯನ ಮೇಲೆ ಹೊರಿಸಿದ ಕೊಲೆ

ಹನುಮಪ್ಪ, ನಿನ್ನ ಕುರಿಮರಿಯನ್ನು ಕೊಂದದ್ದು ನಿನ್ನ ನಾಯಿ ಕರಿಯನಲ್ಲ. ನನ್ನ ಕೆಂಚ. ಅದು ನನಗೆ ಆವತ್ತೇ ಗೊತ್ತಿತ್ತು — ನೀನು ಬಂದು ಹೇಳುವ ಮೊದಲೇ ಗೊತ್ತಿತ್ತು.

ಕೆಂಚ ಜಪಾನ್ ದೇಶದ ಬೇಟೆನಾಯಿ. ಬಳ್ಳಾರಿಯ ದಂಡಿನ ಕುದುರೆಗಳಿಗೆ ನಾನು ಹುರುಳಿ ಒದಗಿಸುತ್ತಿದ್ದ ಕಾಲದಲ್ಲಿ, ಸೀಮೆಗೆ ಮರಳುತ್ತಿದ್ದ ಬಿಳಿ ದೊರೆಯೊಬ್ಬನ ಮೇಜು ಕುರ್ಚಿಗಳನ್ನು ಕೊಂಡು, ಕೊಸರಿಗೆ ಈ ನಾಯಿಯನ್ನೂ ಹಿಡಿದುಕೊಂಡು ಬಂದೆ. ನರಿಯಂಥ ನೆಟ್ಟ ಕಿವಿ, ಬೆನ್ನ ಮೇಲೆ ಸುತ್ತಿಕೊಂಡ ಬಾಲ. ಮಕ್ಕಳು ಅದರ ಕೊರಳು ತಬ್ಬಿಯೇ ಮಲಗುತ್ತಿದ್ದರು. ದಿನಕ್ಕೆರಡು ಹೊತ್ತು ಓಡಿಸಲೇಬೇಕೆಂದು ದೊರೆಯ ಬಟ್ಲರ ಹೇಳಿದ್ದ. ನಾನು ಸರಪಳಿ ಹಾಕಿದೆ. ಇಂಥ ನಾಯಿ ಸಾಕುವವರಿಗೆ ಹೇಳುತ್ತೇನೆ — ಓಡಿಸಲು ಪುರುಸೊತ್ತಿಲ್ಲದವನು ತರಲೇಬಾರದು. ಆದರೆ ಬುದ್ಧಿ ಹೇಳುವ ನನ್ನ ಈ ಚಟವೇ ಆವತ್ತು...

ಕುರುಗೋಡಿನ ನನ್ನ ಹೊಲದಲ್ಲಿ ಗೊಬ್ಬರಕ್ಕೆಂದು ನಿನ್ನ ಮಂದೆ ಇಳಿದಿತ್ತು. ನಾವೂ ಹೊಲದ ಮನೆಗೆ ಬಂದಿದ್ದೆವು. ಬೆಳಗಾಗುವಾಗ ಕೆಂಚ ಸರಪಳಿ ಕಳಚಿಕೊಂಡು ಹೋಗಿತ್ತು; ಹೊತ್ತೇರಿದ ಮೇಲೆ ತಾನೇ ಬಂತು.

"ಏನ್ರೀ, ಇದರ ಬಾಯಿಗೆ ರಗತ ಹತ್ತೈತಿ!" ಎಂದಳು ನನ್ನ ಹೆಂಡತಿ.

"ಬಾಯಿ ಮುಚ್ಚು. ನೀರು ತಾ."

ನಾನೇ ತೊಳೆದೆ. ಹಲ್ಲಿನ ಸಂದಿಯ ಉಣ್ಣೆಯನ್ನು ಉಗುರಿನಿಂದ ಕಿತ್ತು ತೆಗೆದೆ.

ಅಷ್ಟರಲ್ಲಿ ನೀನು ಸತ್ತ ಮರಿಯನ್ನು ಎತ್ತಿಕೊಂಡು ಬಂದೆ. ಹಿಂದೆ ಕರಿಯ — ಅದರ ಮೂತಿಗೂ ರಕ್ತ. ಬಿಡಿಸಲು ಹೋಗಿತ್ತೋ, ಸತ್ತ ಮರಿಯನ್ನು ನೆಕ್ಕಿತ್ತೋ... ಅದು ನೇರ ನನ್ನ ಹೊಸ್ತಿಲಿಗೆ ಬಂದು, ಒಳಗಿದ್ದ ಕೆಂಚನನ್ನು ನೋಡಿ ಒಂದೇ ಸಮನೆ ಬೊಗಳಿತು. ಬಾಯಿಲ್ಲದ ಪ್ರಾಣಿ ಸಾಕ್ಷಿ ಹೇಳುತ್ತಿತ್ತು.

"ಏಳು ವರ್ಷದಾಗ ಒಂದ್ ಮರಿ ಮುಟ್ಟಿಲ್ರೀ ಸಾವ್ಕಾರ್ರ. ಏನ್ ಮಾಡ್ಲಿ, ನೀವ ಹೇಳ್ರಿ" ಎಂದೆ ನೀನು.

ನಿಮ್ಮವರ ಕಟ್ಟಳೆ ನನಗೆ ಗೊತ್ತಿತ್ತು — ಮರಿ ಕಡಿದ ನಾಯಿಯನ್ನು ಸಾಕಿದವನೇ ತನ್ನ ಕೈಯಾರೆ ಮುಗಿಸಬೇಕು. ಇಲ್ಲದಿದ್ದರೆ ಯಾವ ಕುರಿಗಾರನೂ ಅವನ ಜೊತೆ ಮಂದೆ ಕೂಡಿಸುವುದಿಲ್ಲ. ನಿಜದ ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಿದೆ, ಇನ್ನೊಂದನ್ನು.

"ರುಚಿ ಹತ್ತೈತಲೇ ಅದಕ್ಕ. ನೋಡು, ನನ್ನ ನಾಯಿ ಮ್ಯಾಲೂ ಹೆಂಗ ಏರಿ ಬರ್ತೈತಿ! ಇವತ್ತ ಮುಗಿಸು. ಇಲ್ಲಾಂದ್ರ ಒಂದ್ ಕುರೀನೂ ಉಳ್ಯಂಗಿಲ್ಲ."

ನೀನು ಬೇವಿನ ಮರದ ಕೆಳಗೆ ನಿಂತು ಕರೆದೆ. ಅದು ಬಾಲ ಆಡಿಸುತ್ತ ಬಂತು. ಮೊದಲ ಪೆಟ್ಟಿಗೆ ಓಡಲಿಲ್ಲ — ನಿನ್ನ ಕಾಲಿಗೇ ಒತ್ತಿಕೊಂಡಿತು. ನೀನು ಎತ್ತಿದ ಬಡಿಗೆಯನ್ನು ಇಳಿಸಿದೆ. ನಾನು ಕಟ್ಟೆಯ ಮೇಲೆ ಕೂತಲ್ಲಿಂದಲೇ, "ತಲಿಗಿ ಹೊಡಿಯಲೇ, ಬ್ಯಾಗ ಮುಗೀತೈತಿ" ಎಂದೆ. ಅದನ್ನೂ ಹೇಳಿಕೊಟ್ಟೆ.

ಮರುವರ್ಷ ನೀನು ಕೆಂಚನ ತಲೆ ಸವರಿ, "ನಮ್ಮದೂ ಹಿಂಗ ಸಾಧು ಇರಬೇಕಿತ್ರೀ" ಎಂದಾಗ ನಾನು ತಲೆಯಾಡಿಸಿದೆ. ಕೆಂಚ ಹಾಲನ್ನ ಉಂಡು, ಮುದಿಯಾಗಿ, ನನ್ನ ಮಗಳ ತೊಡೆಯ ಮೇಲೆ ಸತ್ತಿತು.

ಆವತ್ತು ಸಾವ್ಕಾರ್ರು ಸರಿಯಾದ ಬುದ್ಧಿ ಹೇಳಿದರು ಎಂದು ನೀನು ಈಗಲೂ ಎಳೆಯ ಕುರಿಗಾರರಿಗೆ ಹೇಳುತ್ತೀಯಂತೆ. ಇನ್ನು ಹೇಳಬೇಡ. ಸಿರುಗುಪ್ಪದ ದಾರಿಯಲ್ಲಿ ನಿನ್ನ ಮಂದೆ ಇಳಿದಿದೆ ಎಂದು ಕೇಳಿದೆ. ನಾಳೆ ಬಂದು, ಅವರೆಲ್ಲರ ಎದುರಿಗೆ ಈ ಕಾಗದವನ್ನು ಓದುತ್ತೇನೆ. ಆಮೇಲೆ ನೀನು ಏನಂದರೂ — ಕುರಿ ಎಬ್ಬಿಸಿಕೊಂಡು ಹೋದರೂ — ನಾನು ಅಲ್ಲೇ ನಿಂತಿರುತ್ತೇನೆ.